ಕೈ ಮೇಲೆತ್ತಿ ಗಿರ್ರನೆ ತಿರುಗಿದ್ದು ನೀವೇ ತಾನೇ?

ಮಗನ ಕೈಯಿಂದ ಮೊಬೈಲ್ ಕಿತ್ಕೊಂಡು, "ತಲೆಬುಡ ಇಲ್ಲದ ಕಾರ್ಟೂನ್ ನೋಡ್ಕೊಂಡು ಹಾಳಾಗ್ತಿದ್ದೀಯ" ಅಂತ ಗದರಿದ್ರಲ್ಲ, ಆ ವಿಷಯ ಸ್ವಲ್ಪ ಮಾತಾಡೋದಿತ್ತು. ಹತ್ರ ಬನ್ನಿ. (ಮನೆಯವರು ಒಳಗಿದ್ದಾರಾ? ಹಾಗಾದ್ರೆ ಮೆಲ್ಲಗೇ ಮಾತಾಡೋಣ.) ನೀವು ಹುಣಸೂರಿನವರೋ, ಪಿರಿಯಾಪಟ್ಟಣದವರೋ, ಕೆ.ಆರ್. ನಗರವೋ, ಎಚ್.ಡಿ. ಕೋಟೆಯೋ, ಯಾವ ಕಡೆಯವರಾದ್ರೂ ಆಗ್ಲಿ. ವಯಸ್ಸು ಮೂವತ್ತೈದು ದಾಟಿದ್ರೆ ನಿಮ್ಮ ಜಾತಕ ನನ್ನ ಹತ್ರ ಇದೆ.

1997ರ ಸೆಪ್ಟೆಂಬರ್. ದೂರದರ್ಶನದಲ್ಲಿ 'ಶಕ್ತಿಮಾನ್' ಶುರುವಾಯ್ತು. ನಮ್ಮ ಕಡೆ ಅದು ಹೊಗೆಸೊಪ್ಪು ಬೇಯಿಸೋ ಕಾಲ. ಬ್ಯಾರನ್ ಬಾಯಿಗೆ ಹಗಲೂ ರಾತ್ರಿ ಸೌದೆ ತುಂಬಬೇಕು, ಕಡ್ಡಿಗೆ ಸೊಪ್ಪು ಕಟ್ಟೋಕೆ ಮನೆಮಂದಿಯೆಲ್ಲ ಕೂರಬೇಕು. ಸರಿಯಾಗಿ ಆ ಹೊತ್ತಿಗೇ ನಿಮಗೆ ಹೊಟ್ಟೆನೋವು ಬರ್ತಿತ್ತು. ಬಂದ ಹೊಟ್ಟೆನೋವು ಟಿವಿ ಇರೋರ ಮನೆ ಪಡಸಾಲೇಲೇ ವಾಸಿಯಾಗ್ತಿತ್ತು, ಹೌದೋ ಅಲ್ವೋ?

ಮೊದಮೊದಲು ಶನಿವಾರ ಬೆಳಗ್ಗೆ ಬರೋದು. ನಮಗೆ ಶನಿವಾರ ಬೆಳಗಿನ ಸ್ಕೂಲು. ಕೊನೇ ಪೀರಿಯಡ್ಡಿನಲ್ಲಿ ಮೇಷ್ಟ್ರು ಬೋರ್ಡ್ ಕಡೆ ತಿರುಗಿದ್ರೆ ಸಾಕು, ಚೀಲ ಹೆಗಲಿಗೇರ್ತಿತ್ತು. ಆಮೇಲೆ ಭಾನುವಾರ ಮಧ್ಯಾಹ್ನಕ್ಕೆ ಬಂತು ನೋಡಿ, ಊರಿನ ಮಕ್ಕಳೆಲ್ಲ ಒಂದೇ ಮನೇಲಿ! (ಆ ಮನೆಯವರು ಕಟ್ಟೆಮಳಲವಾಡೀಲೋ ಕಂಪಲಾಪುರದಲ್ಲೋ ಸೊಪ್ಪು ಹರಾಜಾದ ದುಡ್ಡಲ್ಲಿ ತಂದ ಟಿವಿ. ಪಾಪ, ಅವರಿಗೇ ಕೂರೋಕೆ ಜಾಗ ಇರ್ತಿರಲಿಲ್ಲ.)

ಇನ್ನು ಆಂಟೆನಾ. ಮಾಳಿಗೆ ಮೇಲೆ ಒಬ್ಬ, ಬಾಗಿಲಲ್ಲಿ ಒಬ್ಬ, ಟಿವಿ ಮುಂದೆ ಒಬ್ಬ. "ಬಂತೇನ್ಲಾ?" "ಬಂತು ಬಂತು... ಹೋಯ್ತು ಕಣ್ಲಾ!" ಶಕ್ತಿಮಾನ್ ತಿರುಗಿದ್ದು ಹೆಚ್ಚೋ ನಮ್ಮ ಆಂಟೆನಾ ತಿರುಗಿದ್ದು ಹೆಚ್ಚೋ, ಆ ದೇವರೇ ಹೇಳಬೇಕು.

ಈಗ ನಿಜ ಹೇಳಿ, ನಿಮಗೆ ಹಿಂದಿ ಎಷ್ಟು ಬರ್ತಿತ್ತು? ಬೀದಿಗೊಬ್ಬ ದುಭಾಷಿ ಇದ್ದ, ನೆನಪಿದೆಯಾ? ಅವನಿಗೂ ಹಿಂದಿ ಬರ್ತಿರಲಿಲ್ಲ, ಅವನ ಚಿಕ್ಕಪ್ಪ ಮಿಲಿಟರೀಲಿದ್ರು, ಅಷ್ಟೇ. ಆ ಒಂದು ಕ್ವಾಲಿಫಿಕೇಷನ್ ಮೇಲೆ ಕುಂಡಲಿನಿ, ಪಂಚಭೂತ, ಸೂರ್ಯಾಂಶಿ ಗುರುಗಳು ಎಲ್ಲದಕ್ಕೂ ಗಡಗಡ ಅರ್ಥ ಹೇಳೋನು. ನೀವು ತಲೆದೂಗಿ ಹೂಂಗುಟ್ಟಿದ್ರಿ. ಆಚೆ ಬೀದೀಲಿ ಅದೇ ಎಪಿಸೋಡಿಗೆ ಬೇರೆಯದೇ ಕಥೆ! ಸೋಮವಾರ ಸ್ಕೂಲಲ್ಲಿ ಎರಡು ಬೀದಿಯವರು ಸೇರಿದಾಗ ಅಂಗಿ ಗುಂಡಿ ಕಿತ್ತುಹೋಗ್ತಿದ್ದದ್ದು ಇದೇ ವಿಚಾರಕ್ಕೆ ತಾನೇ?

ಸೀರಿಯಲ್ಲಿನ ಖಳ ವಿಜ್ಞಾನಿ ಡಾಕ್ಟರ್ ಜಾಕಾಲ್ "ಪವರ್!" ಅಂತ ಕಿರುಚೋದೊಂದು ಎಲ್ಲರಿಗೂ ಅರ್ಥ ಆಗ್ತಿತ್ತು. ಅವನು ಪವರ್ ಅಂದ ಗಳಿಗೆಗೇ ನಮ್ಮ ಪವರ್ ಹೋಗ್ತಿತ್ತು. ಅತ್ಲಾಗೆ ದೊಡ್ಡ ವಿಲನ್ ತಮರಾಜ್ ಕಿಲ್ವಿಷ್‌ಗೆ ಲೋಕದಲ್ಲಿ ಕತ್ತಲೆ ಕಾಯಂ ಆಗಬೇಕು ಅಂತ ಒಂದೇ ಆಸೆ. (ಮುಂಬೈಲಿ ಕೂತು ಅಷ್ಟು ಕಷ್ಟಪಡೋ ಬದಲು ನಮ್ಮ ಕಡೆ ಬಂದಿದ್ರೆ ರೆಡಿಮೇಡ್ ಸಿಗ್ತಿತ್ತು.)

ಮನೆ ಅಜ್ಜಿಯರದ್ದು ಇನ್ನೊಂದು ಫಜೀತಿ. ಶಕ್ತಿಮಾನ್ ಆಗಿದ್ದ ಮುಕೇಶ್ ಖನ್ನಾನೇ ಬಿ.ಆರ್. ಚೋಪ್ರಾ ಮಹಾಭಾರತದಲ್ಲಿ ಭೀಷ್ಮ. 1988ರಿಂದ ಭಾನುವಾರ ಭಾನುವಾರ ಅವನಿಗೆ ಕೈ ಮುಗಿದ ಕಣ್ಣುಗಳು ಅವು. "ಅಲ್ಲಾ ಕಣ್ಲಾ, ಬಾಣದ ಮ್ಯಾಲೆ ಮಲಗಿದ್ದ ಭೀಷ್ಮಪ್ಪ ಯಾವಾಗ್ಲಾ ಎದ್ದ? ಮೈಗಂಟಿದ ಬಟ್ಟೆ ಹಾಕ್ಕಂಡು ಹಿಂಗ್ಯಾಕ್ಲಾ ಬುಗುರಿ ಹಂಗೆ ಸುತ್ತಾನೆ?" ನೀವು ಎಷ್ಟು ಬಿಡಿಸಿ ಹೇಳಿದ್ರೂ ಅಜ್ಜಿ ಕೈ ಮುಗಿಯೋದು ಬಿಡಲಿಲ್ಲ. ಶಕ್ತಿಮಾನ್‌ನ ಮೆಚ್ಚಿದ ಪತ್ರಕರ್ತೆ ಗೀತಾ ವಿಶ್ವಾಸ್ ಬಂದಾಗ ಮಾತ್ರ ಮುಖ ಸಿಂಡರಿಸೋರು. ಭೀಷ್ಮನ ಪ್ರತಿಜ್ಞೆ ಏನಾಗಬೇಕು?

ಗೀತಾ ಮೇಲೆ ನಿಮ್ಮ ಸಿಟ್ಟೇ ಬೇರೆ. ಪೇಪರ್ ಆಫೀಸಲ್ಲಿ ಪಕ್ಕದಲ್ಲೇ ಇರೋ ಗಂಗಾಧರ, ದಪ್ಪ ಕನ್ನಡಕ, ಮುಂದೆ ಬಂದ ಹಲ್ಲು, ಅವನೇ ಶಕ್ತಿಮಾನ್ ಅಂತ ಆಯಮ್ಮನಿಗೆ ಹೊಳೆಯೋದೇ ಇಲ್ವಲ್ಲ! "ಅಲ್ಲೇ ನಿಂತವ್ನಲ್ಲಮ್ಮೀ!" ಅಂತ ಟಿವಿಗೆ ಕೂಗಿದ್ರಿ. ಅಷ್ಟಕ್ಕೇ ಬಿಡದೆ, ಕ್ಲಾಸಲ್ಲಿ ಕನ್ನಡಕ ಹಾಕ್ತಿದ್ದ ಹುಡುಗನಿಗೆ 'ಗಂಗಾಧರ' ಅಂತ ಹೆಸರಿಟ್ರಿ. ಅವನೀಗ ಪಿಡಿಒ ಸಾಹೇಬ್ರು. ಇ-ಸ್ವತ್ತಿಗೆ ಅರ್ಜಿ ಹಿಡ್ಕೊಂಡು ಅವರ ಟೇಬಲ್ ಮುಂದೆ ಕೈ ಕಟ್ಟಿ ನಿಂತಿರೋರು ಯಾರು, ಹೇಳ್ಲಾ?

ಹೋಗ್ಲಿ ಬಿಡಿ, ಕಣದಲ್ಲಿ ನಡೆದದ್ದಕ್ಕೆ ಬರೋಣ. ಅಕ್ಕನ ಮೆರೂನ್ ಲಂಗ ಬೆನ್ನಿಗೆ. ಎದೆ ಮೇಲೆ ನೋಟ್‌ಬುಕ್ಕಿನ ರಟ್ಟು, ಅದಕ್ಕೆ ಸೂರ್ಯ. ಆ ಸೂರ್ಯ ಸಿಗರೇಟ್ ಪ್ಯಾಕಿನೊಳಗಿನ ಮಿಂಚುಕಾಗದದ್ದು, ಅನ್ನದ ಅಗುಳು ತಿಕ್ಕಿ ಅಂಟಿಸಿದ್ದು. (ನಮ್ಮ ಸೊಪ್ಪೇ ಊರೂರು ಸುತ್ತಿ ಸಿಗರೇಟಾಗಿ ಬಂದು ನಿಮ್ಮ ಎದೆ ಮೇಲೆ ಕೂತಿತ್ತೋ ಏನೋ!) ಬಲಗೈ ಮೇಲೆತ್ತಿ ತಿರುಗಿದ್ರಿ, ತಿರುಗಿದ್ರಿ. ಬೆಳಗ್ಗೆ ತಿಂದ ಉಪ್ಪಿಟ್ಟು ಹುಲ್ಲಿನ ಮೆದೆ ಪಕ್ಕ ಹೊರಗೆ ಬಂತು. ಅಮ್ಮನಿಗೆ ಹೇಳಿದ್ದೇನು? 'ಬಿಸಿಲಿಗೆ ತಲೆ ತಿರುಗ್ತು.'

ನಗಬೇಡಿ, ದೇಶದ ತುಂಬ ಇದೇ ಹುಚ್ಚು. ಕೆಲವು ಮಕ್ಕಳು ಎತ್ತರದಿಂದ ಹಾರಿದ್ರು, ಶಕ್ತಿಮಾನ್ ಬಂದು ಹಿಡೀತಾನೆ ಅಂತ ಕಾದ್ರು ಅನ್ನೋ ಸುದ್ದಿ ಪೇಪರ್‌ಗಳಲ್ಲೂ ಬಂತು. ನನ್ನನ್ನ ಅನುಕರಿಸಬೇಡಿ ಅಂತ ಖನ್ನಾ ಅವರೇ ಮಕ್ಕಳಿಗೆ ಹೇಳಬೇಕಾಯ್ತು. ಕೊನೇಲಿ ತಪ್ಪು ಮಾಡಿದ ಮಗು "ಸಾರಿ ಶಕ್ತಿಮಾನ್" ಅನ್ನೋ ತುಣುಕು ಇರ್ತಿತ್ತಲ್ಲ, ಅಪ್ಪಂದಿರು ಬಿಡದೆ ನೋಡ್ತಿದ್ದದ್ದು ಅದೊಂದನ್ನೇ. (ಉಳಿದದ್ದನ್ನ ಬಾಗಿಲ ಸಂದೀಲಿ ನೋಡಿದ್ರು. ಅದು ನಿಮಗೂ ಗೊತ್ತು, ಅವರಿಗೂ ಗೊತ್ತು.)

2020ರ ಲಾಕ್‌ಡೌನಲ್ಲಿ ದೂರದರ್ಶನ ಮತ್ತೆ ಹಾಕ್ತು. ನೀವು ಮಗನನ್ನ ಎಳ್ಕೊಂಡು ಬಂದು ಕೂರಿಸಿದ್ರಿ. ಅವನು ಎರಡು ನಿಮಿಷ ನೋಡಿ, "ಅಪ್ಪಾ, ಇದು ಕಾಮಿಡಿನಾ?" ಅಂದ. ಅವತ್ತಿನ ಸಿಟ್ಟನ್ನೇ ತಾನೇ ನೀವು ಇವತ್ತಿಗೂ ಆ ಮೊಬೈಲ್ ಮೇಲೆ ತೀರಿಸ್ಕೋತಿರೋದು?

ಇಷ್ಟೆಲ್ಲ ಅಭಿಮಾನ ಇದ್ದೋರು, ಒಂದು ಪ್ರಶ್ನೆಗೆ ಉತ್ತರ ಕೊಡಿ. ಸೀರಿಯಲ್ ಮುಗಿದದ್ದು 2005ರ ಮಾರ್ಚಲ್ಲಿ. ಕೊನೇ ಎಪಿಸೋಡ್ ನೋಡಿದ್ರಾ? ಕಿಲ್ವಿಷ್ ಕಡೆಗೆ ಏನಾದ? ಏನು, ಅಷ್ಟೊತ್ತಿಗೆ ಮನೆಗೆ ಕೇಬಲ್ ಬಂದಿತ್ತಾ? ಓಹೋ... ಅಯ್ಯೋ, ಗೂಗಲ್ ಮಾಡಬೇಡಿ ಸ್ವಾಮಿ, ಫೋನ್ ಕೆಳಗಿಡಿ, ಮಗ ನೋಡ್ತಿದ್ದಾನೆ!