ನಾಯಿಗೂ ಬೆಕ್ಕಿಗೂ ಸ್ನೇಹ ಮಾಡಿಸುವ ಕ್ರಮ

ಈ ಕೈಪಿಡಿ ಒಂಬತ್ತು ನಿಮಿಷದ ಆನಿಮೇಷನ್ ಚಿತ್ರ ಮಾಡಹೊರಟವರಿಗೆ ಮಾತ್ರ. ಮನೆಯ ಪ್ರಾಣಿಗಳ ಮೇಲೆ ಪ್ರಯೋಗಿಸಿ ಮೂಗು ಪರಚಿಸಿಕೊಂಡರೆ ನಾವು ಹೊಣೆಯಲ್ಲ. ಮಾದರಿಗೆ ಪಿಕ್ಸಾರ್‌ನ 'ಕಿಟ್‌ಬುಲ್' ಇಟ್ಟುಕೊಂಡಿದ್ದೇವೆ. 2019ರ ಫೆಬ್ರವರಿಯಲ್ಲಿ ಯೂಟ್ಯೂಬ್‌ಗೆ ಬಂದ ಚಿತ್ರ. ಮೊದಲು ಅದನ್ನು ನೋಡಿ, ಕಣ್ಣೊರೆಸಿಕೊಂಡು, ಆಮೇಲೆ ಮುಂದೆ ಓದಿ.

ಬೇಕಾಗುವ ಸಾಮಗ್ರಿ: ಬೀದಿಯ ಕರಿ ಬೆಕ್ಕಿನ ಮರಿ ಒಂದು. ಸರಪಳಿ ಹಾಕಿದ ಪಿಟ್‌ಬುಲ್ ಒಂದು. ಬೇಡದ ಸಾಮಾನು ತುಂಬಿದ ಹಿತ್ತಲು. ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಬಡಾವಣೆಯದಾದರೆ ಉತ್ತಮ. ಒಂದು ಬಾಟಲಿಯ ಮುಚ್ಚಳ. ಮಾತು ಬೇಡ. 'ಸ್ನೇಹಕ್ಕೆ ಜಾತಿಯಿಲ್ಲ' ಎಂದು ಗಂಭೀರವಾಗಿ ನುಡಿಯುವ ಹಿನ್ನೆಲೆ ದನಿಯಂತೂ ಬೇಡವೇ ಬೇಡ.

ಕಂಪ್ಯೂಟರನ್ನು ತುಸು ಪಕ್ಕಕ್ಕಿಡಿ. ಪ್ರಾಣಿಯ ಒಂದೊಂದು ಕೂದಲನ್ನೂ ಬೇರೆ ಬೇರೆಯಾಗಿ ಅಲುಗಿಸಬಲ್ಲ ಕಂಪನಿ ಇಲ್ಲಿ ಕೈಯಿಂದ ಬರೆದ ಚಪ್ಪಟೆ ಚಿತ್ರಕ್ಕೆ ಮರಳಿದೆ. 'ಸ್ಪಾರ್ಕ್‌ಶಾರ್ಟ್ಸ್' ಎಂಬ ಯೋಜನೆಯಡಿ ತನ್ನ ನೌಕರರಿಗೆ ಆರು ತಿಂಗಳು, ಕೈಹಿಡಿತದ ದುಡ್ಡು ಕೊಟ್ಟು 'ನಿಮ್ಮಿಷ್ಟದ್ದು ಮಾಡಿ' ಎಂದಿತು. ನಿರ್ದೇಶಕಿ ರೊಸಾನಾ ಸಲಿವನ್ ಶುರುಮಾಡಿದ್ದು ಬೆಕ್ಕಿನ ವಿಡಿಯೋ ನೋಡುವ ಚಪಲದಿಂದ. ಆದ್ದರಿಂದ ಆಫೀಸಿನಲ್ಲಿ ಅಂಥ ವಿಡಿಯೋ ನೋಡುತ್ತ ಸಿಕ್ಕಿಬಿದ್ದವರು ಇನ್ನು ಮುಂದೆ 'ಸಂಶೋಧನೆ' ಎನ್ನಬಹುದು.

ಮರಿಯನ್ನು ಬರೆಯುವುದು ಸುಲಭ: ಕರಿ ಮಸಿಯ ಒಂದು ತೊಟ್ಟು, ಅದಕ್ಕೆ ಎರಡು ದೊಡ್ಡ ಕಣ್ಣು. ಕಷ್ಟ ಇರುವುದು ಅದರ ನಡೆಯಲ್ಲಿ. ಹೆದರಿದಾಗ ಬೆನ್ನು ಬಿಲ್ಲಾಗಬೇಕು, ಬುಸುಗುಟ್ಟಬೇಕು, ಮರುಕ್ಷಣ ಸಂದಿಯಲ್ಲಿ ಮಾಯವಾಗಬೇಕು, ಅಲ್ಲಿಂದ ಇಣುಕಲೂಬೇಕು. ಇಣುಕದ ಬೆಕ್ಕು ಬೆಕ್ಕೇ ಅಲ್ಲ.

ಇನ್ನು ಮುಖ್ಯ ಹಂತ. ಇಬ್ಬರನ್ನೂ ಹತ್ತಿರ ತರಬೇಡಿ. ಹೊಸಬರೆಲ್ಲ ಎಡವುವುದು ಇಲ್ಲೇ. ಎರಡನೇ ನಿಮಿಷಕ್ಕೇ ಅಪ್ಪುಗೆ, ಪಿಟೀಲು. ಸರಪಳಿ ಎಲ್ಲಿಗೆ ಮುಗಿಯುತ್ತದೆಂದು ಬೆಕ್ಕಿಗೆ ಗೊತ್ತಿರಲಿ. ನಾಯಿ ಮುಚ್ಚಳ ಹಿಡಿದು ತನ್ನಷ್ಟಕ್ಕೆ ಆಡಲಿ. ಅಷ್ಟು ದೊಡ್ಡ ಮೈ ಅಷ್ಟು ಚಿಕ್ಕ ಆಟಿಕೆಯ ಹಿಂದೆ ಕುಣಿಯುವುದನ್ನು ಬೆಕ್ಕು ನೋಡಲಿ, ಸುಮ್ಮನೆ ನೋಡಲಿ. ಸ್ನೇಹ ಅಲ್ಲಿಯೇ ಆಗಿಬಿಟ್ಟಿರುತ್ತದೆ; ಆದರೆ ಅದನ್ನು ಬೆಕ್ಕಿಗೆ ತಿಳಿಸುವ ಆತುರ ನಿಮಗೆ ಬೇಡ. ಬಾಲ್ಯದಲ್ಲಿ ತಾನು ಬಹಳ ಸಂಕೋಚದವಳಾಗಿದ್ದೆ ಎಂದು ಸಲಿವನ್ ಹೇಳಿಕೊಂಡಿದ್ದಾರೆ. ಆ ಸಂಕೋಚಕ್ಕೆ ಚಿತ್ರದಲ್ಲಿ ಸಿಕ್ಕಿರುವ ಬಿಡುವನ್ನು ಗಮನಿಸಿ.

ಎಚ್ಚರಿಕೆ: ನಾಯಿಯನ್ನು ಸಾಕಿದ್ದು ಕಾಳಗಕ್ಕೆ. ಅಮೆರಿಕದ 50 ರಾಜ್ಯಗಳಲ್ಲೂ ನಾಯಿಕಾಳಗ ಘೋರ ಅಪರಾಧ, ಆದರೂ ನಡೆಯುತ್ತದೆ. ನೀವು ಕಾಳಗ ತೋರಿಸಬೇಡಿ. ಮಳೆಯ ರಾತ್ರಿ ಮನೆಯ ಬಾಗಿಲು ತೆರೆಯಲಿ, ಗಾಯಗೊಂಡ ನಾಯಿ ಹೊರಗೆ ಬೀಳಲಿ, ಅಷ್ಟು ಸಾಕು. ಮರಿ ಪ್ಲಾಸ್ಟಿಕ್ ಬಳೆಗಳಲ್ಲಿ ಸಿಕ್ಕಿಕೊಂಡು ಒದ್ದಾಡುವುದು, ಅದನ್ನು ಬಿಡಿಸಲು ಆ ನೊಂದ ನಾಯಿಯೇ ಬರುವುದು, ಇವೆಲ್ಲ ಇದಾದ ಮೇಲಿನ ಮಾತು. ಪಿಟ್‌ಬುಲ್ ಎಂದರೆ ನಮ್ಮ ಸರ್ಕಾರಕ್ಕೂ ಭಯವೇ. 2024ರ ಮಾರ್ಚ್‌ನಲ್ಲಿ ಕೇಂದ್ರ ಈ ತಳಿಯನ್ನೂ ಸೇರಿಸಿ 23 ತಳಿಗಳ ನಿಷೇಧಕ್ಕೆ ಸುತ್ತೋಲೆ ಹೊರಡಿಸಿತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಮಾಡಿತು. ಚಿತ್ರದ ಬೆಕ್ಕೂ ಮೊದಮೊದಲು ಆ ಸುತ್ತೋಲೆಯ ಪಕ್ಷದ್ದೇ.

ಕೊನೆಗೆ ಇಬ್ಬರಿಗೂ ಅಕ್ಕರೆಯ ಜನ ಸಿಗಬೇಕೇ? ಕಿಟ್‌ಬುಲ್‌ನಲ್ಲಿ ಸಿಗುತ್ತಾರೆ. ತುಸು ಸಲೀಸಾಯಿತು ಅನ್ನಿಸಿದರೂ ಅಲ್ಲಿ ಮರಿ ಮನುಷ್ಯರನ್ನು ಕಂಡು ಹಿಂಜರಿಯುವ ಗಳಿಗೆಯೊಂದಿದೆ. ಅದನ್ನು ಮಾತ್ರ ಎಡಿಟಿಂಗ್‌ನಲ್ಲಿ ಕತ್ತರಿಸಬೇಡಿ.

ಖಾತರಿ: ಪ್ರಶಸ್ತಿಗೆ ಇಲ್ಲ. 2020ರ ಆಸ್ಕರ್‌ಗೆ ನಾಮನಿರ್ದೇಶನಗೊಂಡ ಕಿಟ್‌ಬುಲ್ ಬರಿಗೈಯಲ್ಲಿ ಬಂತು. ಗೆದ್ದದ್ದು 'ಹೇರ್ ಲವ್', ಮಗಳ ಗುಂಗುರು ಕೂದಲು ಬಾಚಲು ಹೆಣಗುವ ಅಪ್ಪನ ಕಥೆ. ಅದಕ್ಕೆ ಕೈಪಿಡಿ ಬೇರೆಯೇ ಇದೆ. ಅದರ ಸಾಮಗ್ರಿ ಪಟ್ಟಿಯಲ್ಲಿ ಬಾಚಣಿಗೆಗಿಂತ ಮೊದಲು ತಾಳ್ಮೆ ಬರುತ್ತದೆ, ಎರಡೂ ಅಂಗಡಿಯಲ್ಲಿ ಒಟ್ಟಿಗೆ ಸಿಗುವುದಿಲ್ಲ.