ಶಿವಪೂಜೆಯೂ ಕರಡಿಯೂ: ಪಂಚ ತಾಲ್ಲೂಕು ಮೀಮಾಂಸೆ

ಇರುವೆಯಿಂದ ದುಡಿಮೆ ಕಲಿ, ನಾಯಿಯಿಂದ ನಿಷ್ಠೆ ಕಲಿ ಎಂದು ಹಿಂದಿನವರು ಹೇಳಿ ಹೇಳಿ ಆ ಪಾಠಗಳು ಸವೆದುಹೋಗಿವೆ. ಆದಕಾರಣ ಪ್ರಸ್ತುತ ಸಂಶೋಧಕನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳನ್ನು ಕೆಂಪು ಬಸ್ಸಿನಲ್ಲಿ ಸುತ್ತಿ, ಕೊಟ್ಟೂರಿನ ಮಂಡಕ್ಕಿ-ಮೆಣಸಿನಕಾಯಿ ಸಾಕ್ಷಿಯಾಗಿ, ಕರಡಿಯನ್ನೇ ಗುರುವೆಂದು ವರಿಸಿದನು. ಅಂಕಸಮುದ್ರದ ಕೆರೆಯಲ್ಲಿ ಕರಿಜಾಲಿಯ ಮೇಲೆ ಕೂತ ಕೊಕ್ಕರೆಗಳೂ ಅರ್ಜಿ ಹಾಕಿದ್ದವು. ಆದರೆ ಆ ಗದ್ದಲದಲ್ಲಿ ಯಾರು ಬೋಧಿಸುತ್ತಿದ್ದಾರೆ, ಯಾರು ಬೈಯುತ್ತಿದ್ದಾರೆ ತಿಳಿಯಲಿಲ್ಲ.

ಮೊದಲು ಪೂರ್ವಪಕ್ಷ. 1791ರಲ್ಲಿ ಜಾರ್ಜ್ ಶಾ ಎಂಬ ಇಂಗ್ಲೆಂಡಿನ ಪಂಡಿತನು ನಮ್ಮ ಕರಡಿಯನ್ನು ಅಮೆರಿಕದಲ್ಲಿ ಮರಕ್ಕೆ ಜೋತು ನಿದ್ದೆ ಹೊಡೆಯುವ ಸ್ಲಾತ್ ಪ್ರಾಣಿಯ ಕುಲಕ್ಕೆ ಸೇರಿಸಿಬಿಟ್ಟ. ತಪ್ಪನ್ನು ಮುಂದೆ ತಿದ್ದಿದರೂ ಹೆಸರು ಅಂಟಿಕೊಂಡು, ಇಂದಿಗೂ ಅದು ಸ್ಲಾತ್ ಬೇರ್. ಶೇಂಗಾ ಹೊಲದಲ್ಲಿ ಅದರ ಮುಂದೆ ಓಡಿದವರು ಈ ಮತವನ್ನು ಏದುಸಿರು ಬಿಡುತ್ತಲೇ ಖಂಡಿಸಿದ್ದಾರೆ.

ಇನ್ನು ಪ್ರಮಾಣ. ಗುಡೇಕೋಟೆ ಕರಡಿಧಾಮದ ಬಂಡೆಗಳ ನಡುವೆ ಎರಡು ದಿನ ಅಲೆದರೂ ಪ್ರತ್ಯಕ್ಷ ಪ್ರಮಾಣ ದೊರೆಯಲಿಲ್ಲ. ಆದರೆ ದಾರಿಯಲ್ಲಿ ಕಂಡ ಲದ್ದಿಯ ತುಂಬ ಹಣ್ಣಿನ ಬೀಜಗಳು. ಗುರುಗಳು ಈ ದಾರಿಯಾಗಿಯೇ ಹೋದರೆಂದು ಅನುಮಾನ ಪ್ರಮಾಣದಿಂದ ಸಿದ್ಧವಾಯಿತು. ಶಬ್ದ ಪ್ರಮಾಣವಂತೂ ಪ್ರಬಲ. ಕರಡಿಗೆ ಮೇಲ್ದವಡೆಯ ನಡುವಿನ ಎರಡು ಹಲ್ಲೇ ಇಲ್ಲ. ಹುತ್ತವನ್ನು ಉಗುರಿನಿಂದ ಬಗೆದು, ಮೊದಲು ಮಣ್ಣನ್ನು ಉಫ್ ಎಂದು ಊದಿ, ಆಮೇಲೆ ಆ ಸಂದಿಯಿಂದ ಗೆದ್ದಲನ್ನು ಸೊರ್ರನೆ ಹೀರುತ್ತದೆ. ಹೀರುವ ಸದ್ದು ನೂರು ಮೀಟರಿನಾಚೆಗೂ ಕೇಳುತ್ತದೆ. ಬಸಿಯಲ್ಲಿ ಚಹಾ ಹೀರುವ ಸಭ್ಯಾಚಾರವನ್ನು ನಾವು ಎಲ್ಲಿಂದ ಕಲಿತೆವೆಂಬ ಪ್ರಶ್ನೆಯೂ ಇಲ್ಲಿಗೆ ಬಗೆಹರಿಯಿತು.

ಜಿಲ್ಲಾ ಮೀಮಾಂಸೆ ಸ್ವಲ್ಪ ತೊಡಕಿನದು. ಬಳ್ಳಾರಿ ಜಿಲ್ಲೆಯಲ್ಲಿದ್ದ ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಇಷ್ಟರ ನಡುವೆಯೂ ಅಲ್ಲಿನ ಕಾಡುಹಂದಿ ಒಂದು ಸಲವಾದರೂ ವಿಳಾಸ ಬದಲಿಸಲಿಲ್ಲ, ಜೆರಾಕ್ಸ್ ಮಾಡಿಸಲಿಲ್ಲ.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ವಿಷಯ ಗಹನವಾಗುತ್ತದೆ. ಅಲ್ಲಿ ಗೊರವಯ್ಯನ ತಲೆಯ ಮೇಲಿರುವುದು ಕರಡಿಗೂದಲಿನ ಟೋಪಿ. ಭವಿಷ್ಯ ನುಡಿಯುವ ಕಾರಣಿಕದ ದಿನ ಆತ ಬಿಲ್ಲನ್ನೇರಿ ‘ಸದ್ದಲೇ’ ಎಂದರೆ ಲಕ್ಷಾಂತರ ಜನ ಗಪ್‌ಚಿಪ್. ಆಮೇಲೆ ಬರುವುದು ಒಂದೇ ಮಾತು. ಅದರಲ್ಲಿ ಮಳೆ ಎಷ್ಟು, ಬೆಳೆ ಎಷ್ಟು, ಸರ್ಕಾರ ಎಷ್ಟು ದಿನ ಎಂಬ ವ್ಯಾಖ್ಯಾನವೆಲ್ಲ ಕೇಳಿದವರ ಖರ್ಚಿನಲ್ಲಿ. ನಾನೂರು ಪುಟದ ಪ್ರಬಂಧ ಬರೆದು ಮಾರ್ಗದರ್ಶಕರಿಗೇ ಅರ್ಥವಾಗದ ಸಂಶೋಧಕನು ಇದನ್ನು ಹೊಟ್ಟೆಕಿಚ್ಚಿನಿಂದ ಗುರುತು ಹಾಕಿಕೊಂಡನು.

ಕ್ಷೇತ್ರಕಾರ್ಯದ ಕಡೆಯ ದಿನ ಕೂಡ್ಲಿಗಿ ಕಡೆಯ ಹೊಲವೊಂದರಲ್ಲಿ, ಅಟ್ಟಣಿಗೆಯ ಮೇಲೆ ಟಾರ್ಚು, ತಗಡಿನ ಡಬ್ಬಿ ಹಿಡಿದು ಕೂತಿದ್ದ ಯಜಮಾನರೊಬ್ಬರು ಸಿಕ್ಕರು.

‘ಕರಡಿತಾವ ಪಾಠ ಕಲಿಯಾಕ ಬಂದೀರೇನ್ರೀ? ಅದಾ ನಮ್ಮತಾವ ಕಲ್ತು ಹೋಗೈತಿ. ಶೇಂಗಾ ಬಲಿಯಾತನಕ ಈ ಕಡಿ ತಲಿ ಹಾಕಂಗಿಲ್ಲ. ನಾವು ನಾಳೆ ಕೀಳಾನು ಅಂದ್ರ ಇವತ್ತು ರಾತ್ರಿ ಹಾಜರ್!’

ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಎಂಬ ಗಾದೆಯನ್ನು ನಾನು ಅಲಂಕಾರವೆಂದು ತಿಳಿದಿದ್ದೆ. ಇಲ್ಲಿ ಅದು ವರದಿ. ಊರಾಚೆಯ ಗುಡಿಗೆ ಕರಡಿ ಬಂದು ದೀಪದ ಎಣ್ಣೆ ಕುಡಿದು, ಒಡೆದಿಟ್ಟ ಕಾಯಿ ತಿಂದು ಹೋಗುತ್ತದಂತೆ.

‘ಬಾಗಿಲಿಗೆ ಬೀಗ ಹಾಕಬಾರದೆ?’ ಎಂದೆ.

‘ಹಾಕಿದ್ವಿರೀ. ಬೀಗ ಹಂಗಾ ಐತಿ, ಬಾಗಿಲಾ ಹೋತು.’