ದಿಂಬಿನ ವಂಶಾವಳಿ: ಬೆಂಗಳೂರಿನ ಒಂದು ಕವರ್ ಬ್ಯಾಂಡ್ ಕುರಿತು ಸಂಶೋಧನ ಪ್ರಬಂಧ

ಬೇರೆಯವರ ರಾಕ್ ಹಾಡುಗಳನ್ನು ಬಾರಿಸುವವರನ್ನು 'ಕಾಪಿ ಹೊಡೆಯುವವರು' ಎಂದು ಹಳಿಯುವವರು ಮೊದಲು ನಮ್ಮ ಸಾಹಿತ್ಯ ಚರಿತ್ರೆ ತೆರೆದು ನೋಡಬೇಕು. 941ರ ಹೊತ್ತಿಗೆ ಪಂಪ ಮಾಡಿದ್ದು ವ್ಯಾಸರ ಕವರ್. 'ಕವಿರಾಜಮಾರ್ಗ' ದಂಡಿಯ 'ಕಾವ್ಯಾದರ್ಶ'ದ ಕವರ್. ರಾಮಾಯಣವನ್ನು ಆಗಲೇ ಊರೆಲ್ಲ ಬಾರಿಸಿ ಮುಗಿಸಿದೆಯೆಂದು ಕುಮಾರವ್ಯಾಸ ಭಾರತಕ್ಕೆ ಕೈ ಹಾಕಿದ. ಅದರಲ್ಲೂ ಹದಿನೆಂಟು ಪರ್ವಗಳ ಪೈಕಿ ಹತ್ತಕ್ಕೇ ಸೆಟ್ ಮುಗಿಸಿದ. ಹತ್ತು ಹೊಡೆದೊಡನೆ ಪೊಲೀಸರು ಮೈಕ್ ಆಫ್ ಮಾಡಿಸುವ ಪದ್ಧತಿ ಆಗಲೂ ಇತ್ತೆಂಬುದಕ್ಕೆ ಶಾಸನಾಧಾರ ಸಿಕ್ಕಿಲ್ಲ.

ನಮ್ಮ ತಂಡ ಹುಟ್ಟಿದ್ದು ಇಂಜಿನಿಯರಿಂಗ್ ಕಾಲೇಜೊಂದರ ಹಾಸ್ಟೆಲಿನಲ್ಲಿ. ಮೂಲಬೀಜ, ಡೀಪ್ ಪರ್ಪಲ್‌ನ 1972ರ 'ಸ್ಮೋಕ್ ಆನ್ ದ ವಾಟರ್'. ಗಿಟಾರ್ ಕೊಂಡ ದಿನವೇ ಎಲ್ಲರೂ ಬಾರಿಸುವ ಅದರ ಆರಂಭದಲ್ಲಿರುವುದು ನಾಲ್ಕೇ ಸ್ವರ: ಷಡ್ಜ, ಸಾಧಾರಣ ಗಾಂಧಾರ, ಜೊತೆಗೆ ಎರಡೂ ಮಧ್ಯಮ. ಪ್ರತಿಯ ಬೆನ್ನಿಗೇ ಶುದ್ಧ ಬಂದದ್ದು ಕೇಳಿ ಹಿಂದಿನ ಮನೆಯ ಸಂಗೀತದ ಮೇಷ್ಟ್ರು ಕಿಟಕಿ ಹಾಕಿಕೊಂಡರೆಂದು ಐತಿಹ್ಯ.

ಡೀಪ್ ಪರ್ಪಲ್‌ನಲ್ಲಿ ಜನ ಬದಲಾದಂತೆಲ್ಲ ಮಾರ್ಕ್ ಒಂದು, ಮಾರ್ಕ್ ಎರಡು ಎಂದು ಎಣಿಸುವುದು ವಾಡಿಕೆ. ನಮ್ಮ ತಂಡವನ್ನು ರೂಪಿಸಿದ್ದೂ ಮಾರ್ಕ್ಸೇ. ಅವು ಬಂದವರು ಎಂ.ಎಸ್. ಮಾಡಲು ಅಮೆರಿಕಕ್ಕೆ ಹೋದರು, ಬಾರದವರು ತಂಡದಲ್ಲಿ ಉಳಿದರು. ಹಾಗಾಗಿ 'ಹಿರಿಯ ಕಲಾವಿದ' ಎಂದಿದ್ದಲ್ಲೆಲ್ಲ 'ಹೆಚ್ಚು ಸಬ್ಜೆಕ್ಟ್ ಬಾಕಿ ಇರುವವನು' ಎಂಬ ಪಾಠಾಂತರವನ್ನೂ ಇಟ್ಟುಕೊಳ್ಳಬೇಕು. ಮೊದಲ ಬೇಸಿಸ್ಟನಿಗೆ ಕ್ಯಾಂಪಸ್ ಸೆಲೆಕ್ಷನ್ ಆಯಿತು, ಎರಡನೆಯವನಿಗೆ ಮದುವೆ, ಮೂರನೆಯವನಿಗೆ ಎರಡೂ. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ಅರಮನೆ ಮೈದಾನಕ್ಕೆ ಬಂದು ಹೋದ ಮೇಲೆ ಅಭ್ಯರ್ಥಿಗಳ ಬರ ನೀಗಿತು. ಎಲ್ಲರ ಬಳಿಯೂ ಕಪ್ಪು ಟೀ ಶರ್ಟ್ ಇತ್ತು. ಒಬ್ಬನ ಬಳಿ ಬೇಸ್ ಗಿಟಾರೂ ಇತ್ತು. ಗಿಟಾರನ್ನು ಆಯ್ಕೆ ಮಾಡಲಾಯಿತು, ಅವನೂ ಜೊತೆಗೆ ಬಂದ.

ಸುವರ್ಣಯುಗವೆಂದರೆ ಗಣೇಶನ ಪೆಂಡಾಲಿನ ಒಂದು ರಾತ್ರಿ. ಜನ ಅಣ್ಣಾವ್ರ ಹಾಡು ಬೇಕೆಂದರು; ಗಾಯಕನಿಗೆ ಇಂಗ್ಲಿಷ್ ಬಿಟ್ಟು ಬೇರೆ ಹಾಡು ಬಾಯಿಗೆ ಬರುತ್ತಿರಲಿಲ್ಲ. 1978ರ 'ಆಪರೇಷನ್ ಡೈಮಂಡ್ ರಾಕೆಟ್'ನಲ್ಲಿ ರಾಜ್‌ಕುಮಾರ್ ಹಾಡಿದ ಇಂಗ್ಲಿಷ್ ಹಾಡು ಎರಡೂ ಕಡೆಯ ಮಾನ ಉಳಿಸಿತು. ಅದನ್ನೇ ಮೂರು ಸಲ ಬಾರಿಸಿದರು. ಸಂಭಾವನೆ, ಚಿತ್ರಾನ್ನ ಮತ್ತು ಒಂದು ಶಾಲು. ಸದಸ್ಯರು ಐವರು.

ಡೀಪ್ ಪರ್ಪಲ್‌ನ ಎಲ್ಲ ಮಾರ್ಕ್‌ಗಳಲ್ಲೂ ಇರುವವರು ಡ್ರಮ್ಮರ್ ಇಯಾನ್ ಪೇಸ್ ಒಬ್ಬರೇ. ನಮ್ಮಲ್ಲಿ ಆ ಸ್ಥಾನ ದಿಂಬಿನದು. ಬೇಸ್ ಡ್ರಮ್ ಗುಂಯ್‌ಗುಟ್ಟದಿರಲೆಂದು ಒಳಗೆ ತುರುಕಿದ, ಬೂರುಗದ ಹತ್ತಿಯ ಹಾಸ್ಟೆಲ್ ದಿಂಬು ಅದು. ನಡುವೆ ಗುಳಿ ಬಿದ್ದಿದೆ. ಮೂಲೆಯಲ್ಲಿ ಅಗಸರ ಶಾಯಿಯಲ್ಲಿ ಬರೆದ ರೂಮ್ ನಂಬರು ಅರ್ಧ ಓದಲು ಬರುತ್ತದೆ. ಒಂದು ಕಾರ್ಯಕ್ರಮವನ್ನೂ ತಪ್ಪಿಸಿಲ್ಲ, ಸಂಭಾವನೆಗೆ ಜಗಳವಾಡಿಲ್ಲ. ಪೋಸ್ಟರಿನಲ್ಲಿ 'ಮೂಲ ತಂಡ' ಎಂದು ಹಾಕಿಕೊಳ್ಳಲು ಇರುವ ಏಕೈಕ ಆಧಾರ ಅದೇ. ಆದರೆ ಕ್ಷೇತ್ರಕಾರ್ಯದ ಕೊನೆಯ ದಿನ, ಈಗಿನ ಡ್ರಮ್ಮರನ ತಾಯಿ ಕಾಫಿ ಲೋಟ ಕೊಡುತ್ತ ಹೇಳಿದರು:

"ಅದಾ? ಹತ್ತಿಯೆಲ್ಲ ಗಂಟುಗಂಟಾಗಿತ್ತು ಕಣಪ್ಪಾ. ಬಿಸಾಕಿ ಹೊಸದು ತುಂಬಿಸ್ದೆ. ಕವರ್ ಮಾತ್ರ ಅದೇ."